ಪಶುವೈದ್ಯರಲ್ಲದವರನ್ನು ಕಳಿಸಿ ನಾಯಿಗೆ ಅಕ್ಯುಪಂಕ್ಚರ್ ಮಾಡಿಸಿದ ಬಗ್ಗೆ ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಬೆಂಗಳೂರು

ವಿಷಯ: ಪ್ಯಾಕೇಜ್ ಹಣ 14,400 ರೂಪಾಯಿ ವಾಪಸ್ ಮತ್ತು ಲಿಖಿತ ಉತ್ತರ ಕೋರಿ

ಮಾನ್ಯರೇ,

ಚಿಕ್ಕಮಗಳೂರಿನ ನಮ್ಮ ಮನೆಗೆ ಬಂದು ನಮ್ಮ ಡ್ಯಾಷ್‌ಹಂಡ್ ಪುಟ್ಟಿಗೆ ಅಕ್ಯುಪಂಕ್ಚರ್ ಮಾಡಿದ ನಿಮ್ಮ ಕಡೆಯವರು ಪಶುವೈದ್ಯರಲ್ಲ. ಇದನ್ನು ಅವರೇ ಬಾಯಿಬಿಟ್ಟು ಹೇಳಿದರು. ನಿಮ್ಮ ಜಾಹೀರಾತಿನಲ್ಲಿ ಮಾತ್ರ 'ಪರಿಣತ ಪೆಟ್ ಡಾಕ್ಟರ್‌ಗಳಿಂದ' ಅಂತ ದಪ್ಪ ಅಕ್ಷರದಲ್ಲಿ ಇದೆ. ನನ್ನ ದೂರಿನ ಮೂಲ ಇದೇ. ಮಿಕ್ಕ ತಾಪತ್ರಯಗಳೆಲ್ಲ ಇದರಿಂದಲೇ ಹುಟ್ಟಿಕೊಂಡವು.

ಸೂಜಿ ಚಿಕಿತ್ಸೆಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನಮ್ಮ ಅತ್ತೆಯವರು ಮಂಡಿ ನೋವಿಗೆ ಮಾಡಿಸಿಕೊಂಡವರೇ. ನಾಯಿ, ಬೆಕ್ಕುಗಳ ಕೀಲು ನೋವಿಗೆ, ಬೆನ್ನು ನೋವಿಗೆ ಇದನ್ನು ಮಾಡುವ ಪಶುವೈದ್ಯರು ಇದ್ದಾರೆ. ಆದರೆ ಅವರು ಮೊದಲು ಕಾಯಿಲೆ ಏನು ಅಂತ ಪರೀಕ್ಷೆ ಮಾಡುತ್ತಾರೆ, ಔಷಧಿಯ ಜೊತೆಗೆ ಸೂಜಿ ಹಾಕುತ್ತಾರೆ. ನಿಮ್ಮವರು ಪರೀಕ್ಷೆಯನ್ನೂ ಮಾಡಲಿಲ್ಲ, ಔಷಧಿಯನ್ನೂ ಬಿಡಿಸಿದರು.

ಪುಟ್ಟಿ ಸೋಫಾದಿಂದ ಹಾರಿದ ಮೇಲೆ ಹಿಂಗಾಲು ಎಳೆಯಲು ಶುರು ಮಾಡಿದಳು. ಉದ್ದ ಬೆನ್ನು, ಗಿಡ್ಡ ಕಾಲಿನ ಈ ಜಾತಿಯಲ್ಲಿ ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಜಾರುವುದು ಜಾಸ್ತಿ. ನಮ್ಮೂರಿನ ಡಾಕ್ಟರ್ ಅದನ್ನೇ ಹೇಳಿ, ಸ್ಟೀರಾಯ್ಡ್ ಮಾತ್ರೆ ಬರೆದುಕೊಟ್ಟು, ಕದಲದಂತೆ ಗೂಡಿನಲ್ಲಿಡಿ ಎಂದಿದ್ದರು. ಅಷ್ಟರಲ್ಲಿ ಮಗಳ ಕಣ್ಣಿಗೆ ನಿಮ್ಮ ಜಾಹೀರಾತು ಬಿತ್ತು. ಫೋನ್ ಮಾಡಿದರೆ ನಿಮ್ಮ ಸಿಬ್ಬಂದಿ, 'ಆಪರೇಷನ್ ಬೇಡ ಮೇಡಂ, ಮಾತ್ರೆನೂ ಬೇಡ, ಎಂಟು ಸಿಟ್ಟಿಂಗ್‌ನಲ್ಲಿ ಓಡಾಡ್ತಾಳೆ' ಎಂದರು. ನಾಯಿಯನ್ನು ನೋಡುವ ಮೊದಲೇ ಇಷ್ಟು ಭರವಸೆ! ದುಡ್ಡು ಪೂರ್ತಿ ಮುಂಗಡ.

ಬಂದವರು ಒಂದು ಸ್ಟೀಲ್ ಡಬ್ಬಿ ತೆಗೆದರು. ಅದರೊಳಗೆ ಸ್ಪಿರಿಟ್‌ನಲ್ಲಿ ನೆನೆದ ಹತ್ತಿ, ಹತ್ತಿಯ ಮೇಲೆ ಸೂಜಿಗಳು. ಅಕ್ಯುಪಂಕ್ಚರ್ ಸೂಜಿ ಸೀಲ್ ಆದ ಪೊಟ್ಟಣದಲ್ಲಿ ಬರುತ್ತದೆ, ಒಮ್ಮೆ ಬಳಸಿ ಬಿಸಾಡಬೇಕು. ಇವರು ಪುಟ್ಟಿಯ ಸೊಂಟದ ಮೇಲಿನ ಗುಳಿಯಲ್ಲಿ, ಹಿಂಗಾಲಿನ ಮಂಡಿಯ ಕೆಳಗೆ ಚುಚ್ಚಿ, ತೆಗೆದು, ಒರೆಸಿ, ಅದೇ ಡಬ್ಬಿಗೆ ವಾಪಸ್ ಇಟ್ಟರು. ಕೇಳಿದರೆ 'ಸ್ಪಿರಿಟ್ ಇದೆಯಲ್ಲ' ಎಂದರು. ನಮಗಿಂತ ಮುಂಚೆ ಯಾರ ಮನೆಯ ನಾಯಿಗೆ ಚುಚ್ಚಿದ್ದೋ ಗೊತ್ತಿಲ್ಲ.

ಹೊರಡುವಾಗ ಎರಡು ಮಾತು ಹೇಳಿದರು. ಇಂಗ್ಲಿಷ್ ಮಾತ್ರೆ ಇವತ್ತೇ ನಿಲ್ಲಿಸಿ. ದಿನಾ ಬೆಳಿಗ್ಗೆ ಸಂಜೆ ನಡೆಸಿ, ನರ ಬಿಟ್ಟುಕೊಳ್ಳುತ್ತದೆ. ಎರಡೂ ತಪ್ಪು. ಕೆಲ ದಿನ ಕೊಟ್ಟ ಸ್ಟೀರಾಯ್ಡ್ ಅನ್ನು ಡಾಕ್ಟರ್ ಹೇಳಿದ ಹಾಗೆ ಹಂತ ಹಂತವಾಗಿ ಇಳಿಸಬೇಕು, ಯಾಕೆಂದರೆ ಅಷ್ಟರಲ್ಲಿ ಮೈ ತಾನೇ ತಯಾರಿಸಿಕೊಳ್ಳುವ ಸ್ಟೀರಾಯ್ಡ್ ಅನ್ನು ಕಡಿಮೆ ಮಾಡಿರುತ್ತದೆ. ಡಿಸ್ಕ್ ಜಾರಿದ ನಾಯಿಗೆ ಕನಿಷ್ಠ ನಾಲ್ಕು ವಾರ ಕಟ್ಟುನಿಟ್ಟಿನ ವಿಶ್ರಾಂತಿ ಬೇಕು. ಮಳೆಗಾಲದಲ್ಲಿ ನಮ್ಮ ಕಡೆಯ ಅಂಗಳ ಹೇಗಿರುತ್ತದೆ ಅಂತ ಬೆಂಗಳೂರಿನವರಿಗೆ ಗೊತ್ತಿಲ್ಲದೆ ಇರಬಹುದು. ಪಾಚಿ ಕಟ್ಟಿದ ಕಲ್ಲಿನ ಮೇಲೆ ನಾವೇ ಜಾರುತ್ತೇವೆ. ಪುಟ್ಟಿಯ ಹಿಂಗಾಲು ಮಡಚಿಕೊಂಡು, ಉಗುರಿನ ಮೇಲ್ಭಾಗ ಸವೆದು ರಕ್ತ ಬರತೊಡಗಿತು. ಸಿಟ್ಟಿಂಗ್ ಆದಂತೆಲ್ಲ ಕಾಲಿನ ಬಲ ಇನ್ನೂ ಕುಗ್ಗಿತು.

ಕೊನೆಗೆ ಬೇಲೂರು ದಾರಿಯಲ್ಲಿ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರ್ ಮೊದಲು ಅವಳ ಪಾದವನ್ನು ತಲೆಕೆಳಗಾಗಿ ಮಡಚಿ ನೆಲಕ್ಕಿಟ್ಟರು. ಸರಿಯಿರುವ ನಾಯಿ ತಕ್ಷಣ ನೆಟ್ಟಗೆ ಮಾಡಿಕೊಳ್ಳುತ್ತದಂತೆ. ಪುಟ್ಟಿ ಹಾಗೇ ನಿಂತಳು. ಆಮೇಲೆ ಚಿಮಟದಿಂದ ಬೆರಳನ್ನು ಜೋರಾಗಿ ಒತ್ತಿದರು. ಕಾಲು ಎಳೆದುಕೊಂಡರೆ ಸಾಲದು, ತಿರುಗಿ ನೋಡಬೇಕು, ಇಲ್ಲವೇ ಕೂಗಬೇಕು ಎಂದರು. ಪುಟ್ಟಿ ಕುಂಯ್ ಅಂತ ತಿರುಗಿದಳು. ಆ ನೋವೂ ತಿಳಿಯದಿದ್ದರೆ ಕಾಯುವ ಮಾತೇ ಇಲ್ಲ, ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಮಾಡಬೇಕಾಗುತ್ತದೆ. ಇಷ್ಟು ನೋಡುವುದಕ್ಕೆ ಎರಡು ನಿಮಿಷ ಸಾಕಾಯಿತು. ನಿಮ್ಮವರು ಒಂದು ಸಲವೂ ನೋಡಲಿಲ್ಲ. ಈಗ ಪುಟ್ಟಿಗೆ ಮತ್ತೆ ಔಷಧಿ, ಮತ್ತೆ ಗೂಡು. ಎಷ್ಟು ಚೇತರಿಸಿಕೊಳ್ಳುತ್ತಾಳೋ ಈಗಲೇ ಹೇಳಲಾಗದು ಎಂದಿದ್ದಾರೆ.

ನಿಮ್ಮ ಕಾಲ್ ಸೆಂಟರ್‌ಗೆ ಹೇಳಿದರೆ ಹಾರಿಕೆ ಉತ್ತರ. ಒಬ್ಬರು 'ನಂಬಿಕೆ ಇರಬೇಕು ಮೇಡಂ' ಎಂದರು. ಇನ್ನೊಬ್ಬರು, ಅವರ ಬಳಿ ಅಂತರರಾಷ್ಟ್ರೀಯ ಸರ್ಟಿಫಿಕೇಟ್ ಇದೆ ಎಂದರು. ಪ್ರಾಣಿಗಳ ಅಕ್ಯುಪಂಕ್ಚರ್‌ಗಾಗಿಯೇ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಂಘವೊಂದಿದೆ. ಅದು ಸರ್ಟಿಫಿಕೇಟ್ ಕೊಡುವುದು ಪಶುವೈದ್ಯರಿಗೆ. ನಿಮ್ಮವರದು ಯಾವುದು, ಸ್ವಲ್ಪ ತೋರಿಸಿ. ನಮ್ಮ ದೇಶದಲ್ಲೂ 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ನೋಂದಣಿಯಾದ ಪಶುವೈದ್ಯರು ಮಾತ್ರ ಚಿಕಿತ್ಸೆ ಮಾಡಬಹುದು. ಉಳಿದವರು ಅವರ ಮೇಲ್ವಿಚಾರಣೆಯಲ್ಲಿ, ಸರ್ಕಾರ ಅನುಮತಿಸಿದ ಸಣ್ಣಪುಟ್ಟ ಕೆಲಸ ಮಾಡಬಹುದು, ಅಷ್ಟೇ. ಮಾತ್ರೆ ನಿಲ್ಲಿಸಿ ಅನ್ನುವುದು ಸಣ್ಣಪುಟ್ಟ ಕೆಲಸ ಅಲ್ವಲ್ಲ.

ನಾನು ಕಟ್ಟಿದ 14,400 ರೂಪಾಯಿ ಪೂರ್ತಿ ವಾಪಸ್ ಕೊಡಿ. 'ಆದ ಸಿಟ್ಟಿಂಗ್ ಕಳೆದು ಕೊಡ್ತೀವಿ' ಅನ್ನುವ ಲೆಕ್ಕ ನನಗೆ ಬೇಡ. ಹಾಸನದ ಎಕ್ಸ್‌ರೇ ಮತ್ತು ಔಷಧಿಯ ಬಿಲ್ ಕೂಡ ನಿಮ್ಮದೇ. ಬಂದವರ ಹೆಸರು, ವಿದ್ಯಾರ್ಹತೆ, ಅವರ ಮೇಲ್ವಿಚಾರಣೆ ಮಾಡಿದ ಪಶುವೈದ್ಯರ ನೋಂದಣಿ ಸಂಖ್ಯೆ ಬರಹದಲ್ಲಿ ಬೇಕು. ಆ ಡಬ್ಬಿಯ ಸೂಜಿ ಹಾಕಿಸಿಕೊಂಡ ಬೇರೆ ಮನೆಗಳವರಿಗೂ ವಿಷಯ ತಿಳಿಸಿ. ಪಾಪ, ಅವರಿಗೆ ಇದ್ಯಾವುದೂ ಗೊತ್ತಿರಲಿಕ್ಕಿಲ್ಲ.

15 ದಿನದೊಳಗೆ ಉತ್ತರ ಬಾರದಿದ್ದರೆ ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿಗೂ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡುತ್ತೇನೆ. ನಿಮ್ಮ ರಸೀದಿಯ ಹಿಂದೆ 'ವ್ಯಾಜ್ಯ ಬೆಂಗಳೂರಿನಲ್ಲಿ ಮಾತ್ರ' ಎಂದು ಸಣ್ಣಕ್ಷರದಲ್ಲಿ ಹಾಕಿದ್ದೀರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರು ತಾವಿರುವ ಊರಿನಲ್ಲೇ ದೂರು ಹಾಕಬಹುದು. ಇಷ್ಟು ಮೊತ್ತಕ್ಕೆ ಶುಲ್ಕವೂ ಇಲ್ಲ.

ರಸೀದಿ, ಜಾಹೀರಾತಿನ ಸ್ಕ್ರೀನ್‌ಶಾಟ್, ಸೂಜಿ ಡಬ್ಬಿಯ ಫೋಟೋ ಮತ್ತು ಹಾಸನದ ಚೀಟಿಯ ಪ್ರತಿ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕಿ
ಚಿಕ್ಕಮಗಳೂರು