ಮಗಳಿಗೊಂದು ಪತ್ರ: ಚಿತ್ರದ ಅಂಚನ್ನು ಕತ್ತರಿಸುವ ಮುನ್ನ

ಮಡಿಕೇರಿ

ಪ್ರೀತಿಯ ಮಗಳೇ,

ಸಿದ್ದಾಪುರದ ಕಾಫಿ ತೋಟದಲ್ಲಿ ನೀನು ತೆಗೆದ ಆನೆಯ ಚಿತ್ರದ ಎರಡು ಪ್ರತಿಗಳೂ, ಪೂರ್ಣವಾದದ್ದು ಮತ್ತು ಕತ್ತರಿಸಿದ್ದು, ತಲುಪಿವೆ. ಛಾಯಾಚಿತ್ರವನ್ನು ಕ್ರಾಪ್ ಮಾಡಲೇಬಾರದೆಂದು, ಅಂದರೆ ಅದರ ಅಂಚುಗಳನ್ನು ಕತ್ತರಿಸಲೇಬಾರದೆಂದು, ನಿನ್ನ ಗೆಳೆಯರು ವಾದಿಸುತ್ತಿರುವುದನ್ನೂ ಬರೆದಿದ್ದೀಯೆ. ಆ ವಾದವನ್ನು ನಾನು ಒಪ್ಪುವುದಿಲ್ಲ.

ಚೌಕಟ್ಟು ಕ್ಯಾಮೆರಾದಲ್ಲೇ ಪೂರ್ಣವಾಗಬೇಕೆಂದು ಪಟ್ಟು ಹಿಡಿದಿದ್ದ ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ ಬ್ರೆಸ್ಸೋನ್ ಅವರೇ, 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ ನಿಂತ ನೀರಿನ ಮೇಲೆ ಜಿಗಿಯುತ್ತಿದ್ದವನನ್ನು ಬೇಲಿಯ ಹಲಗೆಗಳ ಸಂದಿಯಿಂದ ಸೆರೆಹಿಡಿದಾಗ, ಅಡ್ಡ ಬಂದ ಹಲಗೆಯ ಭಾಗವನ್ನು ಚಿತ್ರದಿಂದ ಕತ್ತರಿಸಬೇಕಾಯಿತು. ಅದರಿಂದ ಆ ಜಿಗಿತದ ಸತ್ಯಕ್ಕೆ ಕುಂದುಂಟಾಗಲಿಲ್ಲ. 1960ರಲ್ಲಿ ಕ್ಯೂಬಾದ ಹವಾನಾದಲ್ಲಿ ಛಾಯಾಗ್ರಾಹಕ ಆಲ್ಬರ್ಟೊ ಕೋರ್ಡಾ ತೆಗೆದ ಕ್ರಾಂತಿಕಾರಿ ಚೆ ಗೆವಾರರ ಚಿತ್ರದ ಕಥೆ ಬೇರೆ. ಮೂಲದಲ್ಲಿ ಒಂದು ಬದಿಗೆ ಇನ್ನೊಬ್ಬ ವ್ಯಕ್ತಿ, ಮತ್ತೊಂದು ಬದಿಗೆ ತಾಳೆಯ ಗರಿಗಳಿದ್ದವು. ಅವೆರಡನ್ನೂ ಕತ್ತರಿಸಿದ ಮೇಲೆ, ಸ್ಫೋಟದಲ್ಲಿ ಮಡಿದವರಿಗಾಗಿ ನಡೆದ ಸಭೆಯ ಒಂದು ಗಳಿಗೆ ಊರು, ಸಂದರ್ಭಗಳ ಹಂಗಿಲ್ಲದ ಲಾಂಛನವಾಗಿಬಿಟ್ಟಿತು. ಕತ್ತರಿಸುವುದಕ್ಕೆ ಇಷ್ಟು ಬಲವಿದೆ ಎಂಬ ಕಾರಣಕ್ಕೇ ನನಗೆ ಎಚ್ಚರ ಬೇಕೆನಿಸುತ್ತದೆ.

ನಿನ್ನ ಪೂರ್ಣ ಚಿತ್ರದಲ್ಲಿ ಆನೆಯ ಹಿಂದೆ ಸೋಲಾರ್ ಬೇಲಿಯ ತಂತಿ ನೆಲಕ್ಕೆ ಬಾಗಿದೆ. ಬಲ ಅಂಚಿನಲ್ಲಿ ತೋಟದ ಕೂಲಿಯವರ ಲೈನ್ ಮನೆಯ ಹಗ್ಗದ ಮೇಲೆ ಮಗುವಿನ ಕೆಂಪು ಅಂಗಿಯೊಂದು ಒಣಗುತ್ತಿದೆ. ಎರಡನೆಯ ಪ್ರತಿಯಲ್ಲಿ ಉಳಿದಿರುವುದು ಆನೆ, ಕಾಫಿ ಗಿಡಗಳು, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಮಾತ್ರ. ನೋಟಕ್ಕೆ ಅದೇ ಚೆಂದವೆಂಬುದು ನಿಜ. ಆದರೆ ಆನೆ ಎಲ್ಲಿದೆಯೆಂದು ವಿಚಾರಿಸಿಕೊಂಡೇ ಕೂಲಿಯವರು ಬೆಳಿಗ್ಗೆ ತೋಟಕ್ಕಿಳಿಯುವ ಊರಿನ ಚಿತ್ರವಿದು. ಆ ಅಂಗಿಯನ್ನು ತೆಗೆದುಹಾಕಿದರೆ ಆನೆ ಯಾರ ಮನೆಯಂಗಳದಲ್ಲಿ ನಿಂತಿದೆಯೆಂಬುದೇ ನೋಡುವವರಿಗೆ ತಿಳಿಯದೆ, ಅದು ನಿಶ್ಚಿಂತೆಯ ಕಾಡಿನ ಚಿತ್ರವೆನಿಸಿಕೊಳ್ಳುತ್ತದೆ.

ಇನ್ನಷ್ಟು ಹತ್ತಿರ ಹೋಗಿ ತೆಗೆಯಬೇಕಿತ್ತೆಂದು ಯಾರಾದರೂ ಹೇಳಿದರೆ ಕಿವಿಗೊಡಬೇಡ. ಕಾಡಾನೆಯ ಮುಂದೆ ದೂರದಲ್ಲಿ ನಿಂತು, ಆಮೇಲೆ ಕ್ರಾಪ್ ಮಾಡುವುದೇ ಸರಿ. ನಿಂತ ಜಾಗ ಒಂದೇ ಆಗಿದ್ದರೆ ಕತ್ತರಿಸಿದರೂ, ದೂರದ್ದನ್ನು ದೊಡ್ಡದಾಗಿ ತೋರಿಸುವ ಉದ್ದ ಲೆನ್ಸ್ ಹಾಕಿದರೂ ವಸ್ತುಗಳ ನಡುವಿನ ದೂರ ಒಂದೇ ರೀತಿ ಕಾಣುತ್ತದೆ. ನಷ್ಟವಾಗುವುದು ವಿವರ: 24 ಮೆಗಾಪಿಕ್ಸೆಲ್ ಚಿತ್ರದ ಅಗಲ, ಎತ್ತರ ಎರಡನ್ನೂ ಅರ್ಧಕ್ಕಿಳಿಸಿದರೆ ಉಳಿಯುವುದು 6 ಮೆಗಾಪಿಕ್ಸೆಲ್ ಅಷ್ಟೇ.

ಎಡಗಡೆಯ ಖಾಲಿ ರಸ್ತೆಯನ್ನು ಧಾರಾಳವಾಗಿ ಕತ್ತರಿಸು, ಬಲಗಡೆಯನ್ನು ಮುಟ್ಟಬೇಡ. ಮೂಲ ಫೈಲನ್ನು ಬೇರೆಯಾಗಿ ಇಟ್ಟುಕೊಂಡು ಹೊಸ ಪ್ರತಿಯನ್ನು ನನಗೆ ಕಳುಹಿಸು.

ನಿನ್ನ ಪ್ರೀತಿಯ
ಅಪ್ಪ