ಚೆನ್ನಾಗಿದ್ದೇನೆ ಅಂತ ಬಿಪಿ ಮಾತ್ರೆ ಬಿಡಬೇಡಿ

ಸಂಪಾದಕರೇ,

ವೈದ್ಯಳಾಗಿ ನಾನು ಜಾಸ್ತಿ ಕೇಳಿದ ಮಾತು ಇದು: 'ಡಾಕ್ಟ್ರೇ, ತಲೆನೋವಿಲ್ಲ, ಸುಸ್ತಿಲ್ಲ, ಅದಕ್ಕೇ ಮಾತ್ರೆ ಬಿಟ್ಟೆ.' ಏರಿದ ರಕ್ತದೊತ್ತಡ ಸಾಮಾನ್ಯವಾಗಿ ನೋವು ಕೊಡುವುದಿಲ್ಲ, ಅದೇ ಕಷ್ಟ. ಒಳಗೊಳಗೇ ಮಿದುಳು, ಹೃದಯ, ಮೂತ್ರಪಿಂಡವನ್ನು ಹಾಳು ಮಾಡುತ್ತದೆ.

ನನ್ನ ಅಪ್ಪನೂ ಹೀಗೇ ಮಾತ್ರೆ ನಿಲ್ಲಿಸಿದ್ದರು. ನನಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿಯಲು ಬಲಗೈ ಏಳಲೇ ಇಲ್ಲ. ಅಂದಿನಿಂದ ರೋಗಿಗಳನ್ನು ಗದರುವುದು ಬಿಟ್ಟೆ. ಯಾಕೆ ಬಿಟ್ಟಿರಿ ಎಂದು ಸಮಾಧಾನವಾಗಿ ಕೇಳುತ್ತೇನೆ. ದುಡ್ಡಿಲ್ಲ ಎಂದವರಿಗೆ ಜನೌಷಧಿ ಕೇಂದ್ರದ ದಾರಿ ತೋರಿಸುತ್ತೇನೆ.

ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಅದರಲ್ಲೇ ಸೇರಬೇಕು, ಅಲ್ವಾ?

ನಿಮ್ಮ ಮನೆಯ ಹಿರಿಯರ ಮಾತ್ರೆ ಡಬ್ಬಿಯನ್ನು ಇವತ್ತೇ ಒಮ್ಮೆ ತೆರೆದು ನೋಡಿ.

– ಓರ್ವ ವೈದ್ಯೆ, ಶಿವಮೊಗ್ಗ