ಗಾಡಿ ಚಾಲೂ ಆಗ್ಲಿಲ್ಲ ಅಂದ್ರೆ ಎಲ್ಲಾನೂ ಪಂಪ್ ಮೇಲೆ ಹಾಕ್ಬೇಡಿ

ಮಾನ್ಯ ಸಂಪಾದಕರೆ, ನಮಸ್ಕಾರ.

ನಾನು ಇಂಡಿ ತಾಲೂಕಿನವ, ಪುಣೆಯಲ್ಲಿ ಟೆಂಪೋ ಇಟ್ಕೊಂಡಿದೀನಿ. ನಾರಾಯಣಗಾವ್ ಕಡೆಯಿಂದ ಟೊಮ್ಯಾಟೊ ತುಂಬ್ಕೊಂಡು ಗುಲ್ಟೇಕಡಿ ಮಾರ್ಕೆಟ್ ಯಾರ್ಡಿಗೆ ತರೋದು ಕೆಲಸ. ಇಲ್ಲಿ ಗಾಡಿ ಓಡಿಸೋರಲ್ಲಿ ವಿಜಯಪುರ, ಕಲಬುರಗಿ, ಅಕ್ಕಲಕೋಟ ಕಡೆ ನಮ್ಮ ಮಂದಿ ಬಾಳ ಇದ್ದಾರೆ, ಅವ್ರು ಓದ್ಲಿ ಅಂತಾನೇ ಬರೀತಿದೀನಿ, ಸ್ವಲ್ಪ ಉದ್ದ ಆದ್ರೂ ದಯವಿಟ್ಟು ಕತ್ತರಿ ಹಾಕ್ಬೇಡಿ.

ಹೋದ ತಿಂಗಳು ನನ್ನ ಹಳೇ ನಾಕು ಸಿಲಿಂಡರ್ ಡೀಸೆಲ್ ಗಾಡಿ ರೇಡಿಯೇಟರ್ ನೀರು ಕುಡಿಯೋಕೆ ಶುರು ಮಾಡ್ತು. ಹೆಡ್ ಗ್ಯಾಸ್ಕೆಟ್, ಅಂದ್ರೆ ಎಂಜಿನ್ನಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಪ್ಯಾಕಿಂಗ್, ಹೋಗಿತ್ತು. ಗಾಡಿ ತಾನೇ ಓಡ್ಕೊಂಡು ಗ್ಯಾರೇಜಿಗೆ ಹೋಯ್ತು, ಟೋಚನ್ ಹಾಕಿ ಎಳ್ಕೊಂಡು ಹೋಗಿಲ್ಲ, ಇದೊಂದು ನೆನಪಿಟ್ಕೊಳ್ಳಿ. ಮೂರು ದಿನ ಆದ್ಮೇಲೆ ಹೆಡ್ ಉಜ್ಜಿ ಸಮ ಮಾಡೋ ಫೇಸಿಂಗ್ ಆಯ್ತು, ಗ್ಯಾಸ್ಕೆಟ್ ಹೊಸದು, ಡೀಸೆಲ್ ಫಿಲ್ಟರೂ ಹೊಸದು ಹಾಕಿದೀವಿ ಬನ್ನಿ ಅಂದ್ರು. ಹೋಗಿ ಕೀ ತಿರುವಿದ್ರೆ ಎಂಜಿನ್ ಗರಗರ ತಿರುಗ್ತದೆ, ಹತ್ಕೊಳ್ಳಲ್ಲ. ಹುಡುಗ ಸೆಲ್ಫ್ ಹೊಡೆದ, ಹೊಡೆದ, ಬ್ಯಾಟರಿ ಇಳೀತು, ಬೇರೆ ಗಾಡಿಯಿಂದ ವೈರ್ ಎಳೆದು ಮತ್ತೆ ಹೊಡೆದ, ಸೆಲ್ಫ್ ಮೋಟರ್ ಮುಟ್ಟಿದ್ರೆ ಸುಡ್ತಿತ್ತು, ಕೊನೆಗೆ ಪೆಟ್ರೋಲಿನ ಅರಿವೆ ತಂದು ಗಾಳಿ ಎಳ್ಕೊಳ್ಳೋ ಪೈಪಿನ ಬಾಯಿಗೆ ಹಿಡಿದ, ಧಡ್ ಧಡ್ ಅಂತ ಎರಡು ಗುದ್ದು ಹಾಕಿ ಎಂಜಿನ್ ಸುಮ್ಮನಾಯ್ತು. ಗ್ಯಾರೇಜ್ ಮಾಲೀಕರು ಬಂದು ಒಂದ್ಸಲ ಬಗ್ಗಿ ನೋಡಿ "ಪಂಪ್ ಗೇಲಾ", ಅಂದ್ರೆ ನೋಜಲ್ಲಿಗೆ ಡೀಸೆಲ್ ಒತ್ತಿ ಕಳಿಸೋ ಪಂಪ್ ಹೋಯ್ತು, ಅಂದ್ಬಿಟ್ರು. ಬಿಚ್ಚಿ ಪಂಪ್ ರಿಪೇರಿ ಮಾಡೋ ಪಂಪ್ ರೂಮಿಗೆ ಕಳಿಸ್ಬೇಕು, 22 ಸಾವಿರ, ನಾಕು ದಿನ. ಮರುದಿನ ಮುಂಜಾನೆ ನನಗೆ ಲೋಡ್ ಇತ್ತು.

ರಾತ್ರಿ ಕಾತ್ರಜ್ ಕಡೆ ಇರೋ ನಮ್ಮೂರ ಕಡೆ ಕಾಕಾ ಒಬ್ರನ್ನ ಕರ್ಕೊಂಡು ಬಂದೆ. ನಲವತ್ತು ವರ್ಷ ಟ್ರಕ್, ಟ್ರ್ಯಾಕ್ಟರ್ ಬಿಚ್ಚಿದ ಕೈ. ಬಂದವ್ರು ಪಾನಾ ಕೈಗೆ ತಗೊಳ್ಳಲೇ ಇಲ್ಲ, ಮೊದ್ಲು ಕೇಳಿದ್ದು "ಗಾಡಿ ಒಳಗ ಬರುವಾಗ ಹೆಂಗಿತ್ತೋ?" ಚಲೋ ಇತ್ತು ಕಾಕಾ, ನೀರಷ್ಟೇ ಕಮ್ಮಿ ಆಗ್ತಿತ್ತು ಅಂದೆ. "ಮತ್ತ ಓಡ್ಕೋತ ಬಂದ ಪಂಪ್ ಮಲಗಿದಲ್ಲೇ ಹೆಂಗ ಸಾಯ್ತದ? ಇವ್ರು ಕೈ ಹಾಕಿದ್ದು ಎಲ್ಲೆಲ್ಲಿ, ಅದನ್ನ ಹೇಳು."

ಆಮೇಲೆ ನನಗೆ ಸೆಲ್ಫ್ ಹೊಡಿ ಅಂದು ತಾವು ಹಿಂದೆ ಹೋಗಿ ಸೈಲೆನ್ಸರ್ ಹತ್ರ ಕೂತ್ರು. ಹತ್ತೇ ಸೆಕೆಂಡ್, ಆಮೇಲೆ ಎರಡು ನಿಮಿಷ ಬಿಡು, ಇಲ್ಲಂದ್ರ ಸೆಲ್ಫ್ ಸುಡ್ತದ ಅಂತ ಮೊದ್ಲೇ ಹೇಳಿದ್ರು. ಹೊಗೆ ಒಂದು ಎಳೆನೂ ಬರ್ಲಿಲ್ಲ. ಡೀಸೆಲ್ ಗಾಡೀಲಿ ಸ್ಪಾರ್ಕ್ ಪ್ಲಗ್ ಇರಲ್ಲ, ಪಿಸ್ಟನ್ ಗಾಳೀನ ಒತ್ತಿ ಒತ್ತಿ 500 ಡಿಗ್ರಿ ಮೇಲೆ ಕಾಯಿಸ್ತದೆ, ಆ ಕಾದ ಗಾಳಿಗೆ ನೋಜಲ್ ಡೀಸೆಲ್ ಚಿಮ್ಮಿಸಿದ್ರೆ ತಾನೇ ಹತ್ಕೊಳ್ತದೆ. ಡೀಸೆಲ್ ಒಳಗೆ ಹೋಗಿ ಸುಡದೇ ಉಳಿದ್ರೆ ಬಿಳಿ ಹೊಗೆ ಬರ್ತದೆ. ಹೊಗೇನೇ ಇಲ್ಲ ಅಂದ್ರೆ ಡೀಸೆಲ್ಲೇ ಹೋಗ್ತಿಲ್ಲ. "ಪೆಟ್ರೋಲ್ ವಾಸನಿಗೆ ಎರಡು ಗುದ್ದು ಹಾಕ್ತಂತಲ್ಲ, ಅಂದ್ರ ಕಂಪ್ರೆಶನ್, ಗಾಳಿ ಒತ್ತೋ ತಾಕತ್ತು, ಅದ. ಆದ್ರ ಆ ಹುಡುಗನ ಕಿವಿ ಹಿಂಡಬೇಕು" ಅಂದ್ರು. ಪಿಸ್ಟನ್ ಪೂರ್ತಿ ಮೇಲೆ ಬರೋಕೆ ಮುಂಚೆನೇ ಪೆಟ್ರೋಲ್ ಆವಿ ಸಿಡೀತದೆ, ಆ ಹೊಡೆತಕ್ಕೆ ರಿಂಗ್ ಒಡೀಬಹುದು, ಕನೆಕ್ಟಿಂಗ್ ರಾಡ್ ಬಗ್ಗಬಹುದು. ಚಾಲೂ ಮಾಡುವಾಗ ಒಳಗೆ ಕಾಯಿಸೋ ಹೀಟರ್ ಪ್ಲಗ್ ಇರೋ ಎಂಜಿನ್ನಿಗೆ ಬೇಗ ಹತ್ಕೊಳ್ಳೋ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯೋರೂ ಇದ್ದಾರೆ, ಅದು ಇನ್ನೂ ಅಪಾಯ.

ಕೀ ಆನ್ ಮಾಡಿಸಿ ಪಂಪ್ ಹತ್ರ ಕಿವಿ ಇಟ್ರು. ಪಂಪಿನ ಮೇಲಿರೋ ಸ್ಟಾಪ್ ಸೊಲೆನಾಯ್ಡ್, ಅಂದ್ರೆ ಡೀಸೆಲ್ ಬಿಡೋ ನಿಲ್ಲಿಸೋ ಕರೆಂಟಿನ ಬಾಗಿಲು, ಟಿಕ್ ಅಂತು. ಅಂದ್ರೆ ಅದರ ವೈರ್ ಸರಿ ಇದೆ. ಎಷ್ಟೋ ಗಾಡಿ ಈ ಒಂದು ವೈರ್ ಮರೆತು ಬಿಟ್ಟಿದ್ದಕ್ಕೇ ನಿಂತಿರ್ತಾವಂತೆ. ಆಮೇಲೆ ಫಿಲ್ಟರ್ ಮೇಲಿನ ಗಾಳಿ ತೆಗೆಯೋ ಸ್ಕ್ರೂ ಸಡಿಲ ಮಾಡಿ ಹ್ಯಾಂಡ್ ಪಂಪ್ ಒತ್ತಿದ್ರೆ ಬರೀ ಸೋಪಿನ ನೊರೆ ಥರ ಬಂತು. ಐದು ನಿಮಿಷ ಒತ್ತಿದ್ರೂ ನೊರೆ ನಿಲ್ಲಲಿಲ್ಲ. ಫಿಲ್ಟರ್ ಹಾಕುವಾಗ ಹೊಕ್ಕ ಗಾಳಿ ಮಾತ್ರ ಆಗಿದ್ರೆ ಅಷ್ಟೊತ್ತಿಗೆ ಖಾಲಿ ಆಗ್ಬೇಕಿತ್ತು, ಎಲ್ಲಿಂದಲೋ ಹೊಸದಾಗಿ ಎಳ್ಕೊಳ್ತಿದೆ ಅಂತ ಅರ್ಥ. ಪೈಪಲ್ಲಿ ಗಾಳಿ ಇದ್ರೆ ಪಂಪ್ ಎಷ್ಟು ಒತ್ತಿದ್ರೂ ಆ ಗಾಳಿ ಸ್ಪಂಜಿನ ಹಾಗೆ ಕುಗ್ತದೆ ಅಷ್ಟೇ, ನೋಜಲ್ ತೆರೆಯೋ ಒತ್ತಡ ಬರೋದೇ ಇಲ್ಲ.

ಗ್ಯಾರೇಜಿನ ಹುಡುಗ ನಡುವೆ ಬಾಯಿ ಹಾಕಿ ಕೆಳಗೆ ಒಂದು ತೊಟ್ಟೂ ಬಿದ್ದಿಲ್ಲ, ಲೀಕೇಜ್ ಎಲ್ಲಿ ಅಂದ. ಕಾಕಾ ನಕ್ರು. ಟ್ಯಾಂಕಿಂದ ಡೀಸೆಲ್ ಹೀರೋ ಚಿಕ್ಕ ಪಂಪಿಗೆ ಫೀಡ್ ಪಂಪ್ ಅಂತಾರೆ, ಅಲ್ಲಿ ತನಕದ ಪೈಪಲ್ಲಿ ಡೀಸೆಲ್ ಎಳೆತಕ್ಕೇ ಬರ್ತದೆ, ಅಲ್ಲಿ ಸಂದಿ ಇದ್ರೆ ಡೀಸೆಲ್ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗ್ತದೆ. ಅದನ್ನ ತೋರಿಸಿದ ರೀತಿ ಮಾತ್ರ ನಾನು ಮರೆಯಲ್ಲ. ಒಂದು ನೀರಿನ ಬಾಟ್ಲಿ ಬುಡ ಕೊಯ್ದು, ಬಾಯಿಗೆ ಪೈಪ್ ಸಿಗಿಸಿ, ಡೀಸೆಲ್ ತುಂಬಿ ಬಾನೆಟ್ಟಿಗೆ ತಲೆಕೆಳಗಾಗಿ ತೂಗುಹಾಕಿದ್ರು. ಗಾಡಿ ಪೈಪನ್ನ ಟ್ಯಾಂಕಿನ ಕಡೆ ತುದೀಲಿ ಬಿಚ್ಚಿ ಆ ತುದಿಗೆ ಈ ಪೈಪ್ ಸೇರಿಸಿದ್ರು. ಈಗ ಡೀಸೆಲ್ ಮೇಲಿಂದ ಭಾರ ಬಿಟ್ಟು ಇಳೀತದೆ, ಗಾಳಿ ಹೋಗೋ ಸಂದಿಯಿಂದ್ಲೇ ಡೀಸೆಲ್ ಹೊರಗೆ ಬರ್ಲೇಬೇಕು. ಮೊಬೈಲ್ ಟಾರ್ಚ್ ಹಿಡ್ಕೊಂಡು ನಿಂತ್ವಿ. ಎರಡು ನಿಮಿಷಕ್ಕೆ ಫೀಡ್ ಪಂಪಿನ ಬೋಲ್ಟ್ ಪಕ್ಕ ಒಂದು ಹನಿ, ಸಾಸಿವೆ ಕಾಳಷ್ಟು, ಮೆಲ್ಲಗೆ ದಪ್ಪ ಆಯ್ತು.

ಬಿಚ್ಚಿ ನೋಡಿದ್ರೆ ಹಳೇ ತಾಮ್ರದ ವಾಷರ್ ಹಾಗೇ ಹಾಕಿದ್ರು, ಕರ್ರಗೆ, ಮೇಲೆ ಉಗುರಿಗೆ ಸಿಗೋ ಹಾಗೆ ಒಂದು ಗೆರೆ. ರಾತ್ರಿ ಹನ್ನೊಂದಕ್ಕೆ ಅಂಗಡಿ ಎಲ್ಲಿ ತೆಗೆದಿರ್ತಾವೆ. ಕಾಕಾ ಗಾಜಿನ ತುಂಡಿನ ಮೇಲೆ ಝೀರೋ ಪೇಪರ್, ಅಂದ್ರೆ ನುಣ್ಣನೆ ಉಜ್ಜೋ ಕಾಗದ, ಇಟ್ಟು ಅದನ್ನ ಸಮ ಉಜ್ಜಿದ್ರು, ತಂತಿಗೆ ಪೋಣಿಸಿ ಚಹಾದಂಗಡಿ ಗ್ಯಾಸ್ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಚುಂಯ್ ಅನ್ನಿಸಿದ್ರು. ಉಕ್ಕು ಹೀಗೆ ಮಾಡಿದ್ರೆ ಗಟ್ಟಿ ಆಗ್ತದೆ, ತಾಮ್ರ ಮೆತ್ತಗಾಗ್ತದೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ವಾಪಸ್ ಹಾಕಿ ಗಾಳಿ ತೆಗೆದ್ರೆ ನೊರೆ ನಿಂತು ಡೀಸೆಲ್ ದಾರದ ಹಾಗೆ ಬಂತು. ಎರಡು ನೋಜಲ್ ಪೈಪಿನ ನಟ್ ಸಡಿಲ ಮಾಡಿ ಸೆಲ್ಫ್ ಹೊಡೆದು, ಪಿಚಕ್ ಪಿಚಕ್ ಅಂತ ಡೀಸೆಲ್ ಬಂದ್ಮೇಲೆ ಬಿಗಿ ಮಾಡಿದ್ರು. ಎಂಜಿನ್ ಎರಡು ಸಿಲಿಂಡರ್ ಮೇಲೆ ಕುಣಿದು, ಬಿಳಿ ಹೊಗೆ ಕಾರಿ, ಮೂರಾಗಿ, ನಾಕೂ ಹಿಡ್ಕೊಂಡ್ವು.

ಒಂದು ಎಚ್ಚರಿಕೆ ಇಲ್ಲೇ ಹೇಳ್ಬೇಕು. ನಟ್ ಸಡಿಲ ಮಾಡೋದು ನನ್ನಂಥ ಹಳೇ ಗಾಡಿಗೆ ಮಾತ್ರ. ಕಾಮನ್ ರೈಲ್ ಅನ್ನೋ ಹೊಸ ಥರದ ಡೀಸೆಲ್ ಗಾಡೀಲಿ ಒತ್ತಡ ಸಾವಿರ ಬಾರ್, ಅಂದ್ರೆ ಹೊರಗಿನ ಗಾಳಿ ಒತ್ತಡದ ಸಾವಿರ ಪಟ್ಟು, ದಾಟ್ತದೆ, ಅಲ್ಲಿ ಕೈ ಹಾಕಿದ್ರೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗ್ತದೆ, ಬೆರಳು ಕಳ್ಕೊಂಡೋರಿದ್ದಾರೆ. ಅಂಥ ಗಾಡಿಗೆ ಮೊದ್ಲು ಎಂಜಿನ್ನಿನ ದಂಡ ತಿರುಗೋದನ್ನ ಹೇಳೋ ಕ್ರ್ಯಾಂಕ್ ಸೆನ್ಸರ್, ಕ್ಯಾಮ್ ಸೆನ್ಸರ್ ಸಾಕೆಟ್ ಸರಿ ಕೂತಿದಾವಾ ನೋಡಿ, ಉಳಿದದ್ದು ಸ್ಕ್ಯಾನರ್ ಹಾಕಿ ರೈಲ್ ಪ್ರೆಶರ್ ಬರ್ತಿದೆಯಾ ನೋಡೋರ ಕೆಲಸ.

ಬಿಳಿ ಹೊಗೆ ಬಂದು ಚಾಲೂ ಆಗದಿದ್ರೆ ದಾರಿ ಬೇರೆ ಅಂತೆ. ಪಂಪ್ ಬಿಚ್ಚಿ ಹಾಕಿದ್ರೆ ಡೀಸೆಲ್ ಚಿಮ್ಮೋ ಹೊತ್ತು ಹೊಂದಿಸೋ ಟೈಮಿಂಗ್ ಗುರುತು ತಪ್ಪಿರಬಹುದು, ಕ್ರ್ಯಾಂಕ್ ಎರಡು ಸುತ್ತು ಸುತ್ತಿದ್ರೆ ಪಂಪ್ ಒಂದು ಸುತ್ತು, ಹಾಗಾಗಿ ಪೂರ್ತಿ ಉಲ್ಟಾ ಕೂರೋದೂ ಉಂಟು. ಇಲ್ಲಾ ಹೆಡ್ ಗ್ಯಾಸ್ಕೆಟ್ ದಪ್ಪದ್ದು ಹಾಕಿರ್ತಾರೆ, ಆಗ ಗಾಳಿ ಸಾಕಷ್ಟು ಒತ್ತಿ ಕಾಯಲ್ಲ. ಪಿಸ್ಟನ್ ಬ್ಲಾಕಿಗಿಂತ ಎಷ್ಟು ಮೇಲೆ ಬರ್ತದೆ ಅಂತ ಅಳೆದು ಅದಕ್ಕೆ ತಕ್ಕ ದಪ್ಪದ್ದು ಹಾಕ್ಬೇಕು, ಅಂಚಲ್ಲಿ ಕಚ್ಚು ಅಥವಾ ತೂತಿನ ಗುರುತು ಇರ್ತದೆ. ಅಳೆಯೋ ಗ್ಯಾರೇಜು ನಾನಂತೂ ಕಮ್ಮಿ ನೋಡಿದೀನಿ.

ನಿಮ್ಮ ಪೇಪರಿನ ವಾಹನದ ಪುಟದಲ್ಲಿ ಹೊಸ ಕಾರಿನ ಬಣ್ಣ, ಬೆಲೆ ಬಿಟ್ರೆ ನಮ್ಮಂಥೋರ ಹಳೇ ಗಾಡಿ ಬಗ್ಗೆ ಏನೂ ಬರಲ್ಲ, ವಾರಕ್ಕೆ ಕಾಲು ಕಾಲಂ ಕೊಟ್ರೂ ಸಾಕು, ಕಾಕಾನಂಥೋರು ಇಲ್ಲಿ ಎಷ್ಟೋ ಜನ ಇದ್ದಾರೆ. ಗ್ಯಾರೇಜಿನವ್ರಿಗೆ ನನ್ನ ಕೋರಿಕೆ ಇಷ್ಟೇ: ಪಂಪ್ ಹೋಯ್ತು ಅನ್ನೋಕೆ ಮುಂಚೆ ಸ್ಕ್ರೂ ಸಡಿಲ ಮಾಡಿ ನೊರೆ ಬರ್ತದಾ ಅಂತ ಗಾಡಿ ಮಾಲೀಕನಿಗೆ ತೋರಿಸಿ. ತೆಗೆದ ಹಳೇ ಸಾಮಾನು ಚೀಲದಲ್ಲಿ ಹಾಕಿ ಕೊಡಿ. ಮುಂಜಾನೆ ನಾನು ಲೋಡ್ ಮುಗಿಸಿ ಹೋಗಿ ಹಳೇದೆಲ್ಲಿ ಅಂತ ಕೇಳಿದ್ರೆ ಗುಜರಿಗೆ ಹಾಕಿದ್ವಿ ಅಂದ್ರು. ಬಿಲ್ ತೆಗೆದು ನೋಡಿದೆ. ಮೂರನೇ ಸಾಲಲ್ಲಿ "ಹೊಸ ವಾಷರ್ ಸೆಟ್, 350 ರೂಪಾಯಿ" ಅಂತ ಬರೆದಿತ್ತು.

— ಒಬ್ಬ ಟೆಂಪೋ ಮಾಲೀಕ, ಪುಣೆ